ಕಮಲಾಕ್ಷಿಯ ಎರಡು ಟ್ಯೂಬ್‌ಲೈಟು

ನಮ್ಮ ಕಮಲಾಕ್ಷಿಯ ವಿಷಯ ಬರೆಯಲು ನನಗಿಂತ ಯೋಗ್ಯರು ಈ ತುಮಕೂರಿನಲ್ಲಿ ಯಾರೂ ಇಲ್ಲ. ಅವಳು ಇವತ್ತು ಯಾವ ಬಣ್ಣದ ಸೀರೆ ಉಟ್ಟಿದ್ದಾಳೆಂದು ಅವಳ ಗಂಡ ಯೋಗನರಸಿಂಹನನ್ನು ಕೇಳಿದರೆ, ಅವನು ಒಳಗೆ ಹೋಗಿ ನೋಡಿಕೊಂಡು ಬಂದು ಹೇಳಬೇಕು. ನಾನು ಹಾಗಲ್ಲ. ಹದಿನಾಲ್ಕು ವರ್ಷದಿಂದ ಅವಳ ಮೇಲಿಟ್ಟ ಕಣ್ಣು ತೆಗೆದಿಲ್ಲ. ಪ್ರೀತಿಗಲ್ಲ, ಹೊಟ್ಟೆಕಿಚ್ಚಿಗೆ. ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಾನು ಅಂಬುಜ, ಹಿರಿಯ ಸೊಸೆ. ಈ 'ಹಿರಿಯ' ಅನ್ನುವ ಪದವನ್ನು ಸ್ವಲ್ಪ ಒತ್ತಿ ಓದಿಕೊಳ್ಳಬೇಕು.

೧೯೭೪ರಲ್ಲಿ ಕುಣಿಗಲ್ಲಿನಿಂದ ಮದುವೆಯಾಗಿ ಬಂದಾಗ ಅವಳಲ್ಲಿ ಹೊಟ್ಟೆಕಿಚ್ಚು ಪಡುವಂಥದ್ದು ಏನೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸು, ಸಣಕಲು ಮೈ, ಮಾತು ಕಡಿಮೆ. ಆರತಿಗೆ ಹಾಡು ಹೇಳು ಅಂದರೆ ತಲೆ ತಗ್ಗಿಸುತ್ತಿದ್ದಳು. ನಾನು ಗುಬ್ಬಿಯವಳು, ನಾಚಿಕೆ ಸ್ವಲ್ಪ ಕಡಿಮೆ. ಅವಳ ಪಾಲಿನದನ್ನೂ ನಾನೇ ಹಾಡಿಬಿಡುತ್ತಿದ್ದೆ. ನಮ್ಮವರು ವೆಂಕಟೇಶಯ್ಯ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಶೆಟ್ಟಿಹಳ್ಳಿಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ್ದರು. ಸುತ್ತ ಕಾಂಪೌಂಡು, ದೊಡ್ಡ ಹಿತ್ತಲು, ಬೆಳಗಿನಿಂದ ಸಂಜೆಯವರೆಗೂ ಬಿಸಿಲು. ಮೈದುನ ಬಟವಾಡಿಯಲ್ಲಿ ಒಂದು ಸೈಕಲ್ ಷಾಪಿನ ಹಿಂದೆ ಬಾಡಿಗೆಗಿದ್ದ. ರೈಲಿನ ಬೋಗಿಯಂತೆ ಒಂದರ ಹಿಂದೊಂದು ಮೂರು ಕೋಣೆ. ನಡುವಿನ ಕೋಣೆಯಲ್ಲಿ ಮಟಮಟ ಮಧ್ಯಾಹ್ನವೂ ಉಪ್ಪಿನ ಡಬ್ಬಿ ಯಾವುದು, ಸಕ್ಕರೆ ಡಬ್ಬಿ ಯಾವುದು ತಿಳಿಯುತ್ತಿರಲಿಲ್ಲ. "ಪಾಪ, ಹೇಗಿರ್ತೀಯೋ ಕಣೇ ಈ ಕತ್ತಲಲ್ಲಿ" ಅಂದು ಬರುತ್ತಿದ್ದೆ. ಹಾಗೆ ಅಂದು ಬಂದ ದಿನ ನನಗೆ ಊಟ ಒಂದು ತುತ್ತು ಹೆಚ್ಚೇ ಸೇರುತ್ತಿತ್ತು.

ಅವಳ ಮನೆಗೆ ಹೋಗುವ ಓಣಿ ಸೈಕಲ್ ಷಾಪಿನ ಪಕ್ಕದಲ್ಲೇ. ಷಾಪಿನೊಳಗೆ ಹಗಲೂ ಒಂದು ಟ್ಯೂಬ್‌ಲೈಟು ಉರಿಯುತ್ತಿತ್ತು. ಅದರ ಕೆಳಗಿನ ಗೋಡೆ ನೀರು ಜಿನುಗಿ ಬಿರುಕು ಬಿಟ್ಟಿತ್ತು. ಆ ಬಿರುಕಿನಲ್ಲಿ, ಟ್ಯೂಬಿನ ಉದ್ದಕ್ಕೆ ಸರಿಯಾಗಿ, ಪಾಚಿಯೂ ನಾಲ್ಕು ಎಳೆ ಜರಿಗಿಡವೂ ಹಸುರಾಗಿ ಬೆಳೆದಿದ್ದವು. ಟ್ಯೂಬಿನ ಆಚೆ ಈಚೆ ಅಷ್ಟೇ ಒದ್ದೆ, ಆದರೆ ಅಲ್ಲಿ ಏನೂ ಇಲ್ಲ. ಕಮಲಾಕ್ಷಿ ಅದನ್ನು ನೋಡಿ ನಿಂತಳಂತೆ. ಅದನ್ನು ನಾನೂ ನೋಡಿದ್ದೆ. ಈ ಮನುಷ್ಯ ಗೋಡೆ ತೊಳೆಸಬಾರದೇ ಎಂದುಕೊಂಡು ಮೂಗು ಮುರಿದು ಮುಂದೆ ಹೋಗಿದ್ದೆ. ಒಂದೇ ಗೋಡೆಯನ್ನು ಇಬ್ಬರೂ ನೋಡಿ, ಬುದ್ಧಿ ಮಾತ್ರ ಅವಳಿಗೆ ಹೊಳೆಯಿತಲ್ಲ, ನನ್ನ ಉರಿ ಶುರುವಾದದ್ದು ಅಲ್ಲಿಂದ.

ಎಂ.ಜಿ. ರೋಡಿನ ಎಲೆಕ್ಟ್ರಿಕ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ನನಗೆ ಮಾತು ಬರುತ್ತದೆ, ಚೌಕಾಸಿ ಮಾಡುತ್ತೇನೆ ಅಂತ. ಅಲ್ಲಿ ಅವಳು ಮಾಡಿದ್ದೇನು? ಒಂದೊಂದು ದೀಪವನ್ನೂ ಹಾಕಿಸಿ ಅದರ ಕೆಳಗೆ ಅಂಗೈ ಹಿಡಿದು ನಿಂತಳು. ಮೊದಲು ನೂರು ಕ್ಯಾಂಡಲ್ಲಿನ ಬಲ್ಬು. ಎಣಿಸಿ ಇಪ್ಪತ್ತಕ್ಕೆ ಕೈ ಹಿಂದೆಳೆದುಕೊಂಡಳು. ಆಮೇಲೆ ಟ್ಯೂಬ್‌ಲೈಟು. ಅದರ ಕೆಳಗೆ ಕೈ ಹಾಗೇ ಇತ್ತು.

"ಏನಮ್ಮಾ, ಲೈಟು ತಗೊಳ್ಳೋಕೆ ಬಂದಿದೀರೋ, ಕೈ ಕಾಯಿಸ್ಕೊಳ್ಳೋಕೋ?" ಅಂದ ಅಂಗಡಿಯವನು.

"ಇವೆರಡೂ ಬಿಳೀದೇ ಅಂತೀರಲ್ಲ," ಅಂದಳು ಇವಳು ಮೆಲ್ಲಗೆ, "ಇದು ನೀಲಿ ಹೊಡೀತಿದೆ, ಅದು ಅರಿಶಿನ ಹೊಡೀತಿದೆ."

"ಇದು ಡೇಲೈಟು. ಅದು ವಾರ್ಮ್ ವೈಟು. ಎಲ್ರೂ ಡೇಲೈಟೇ ತಗೊಳ್ಳೋದು."

"ಒಂದೊಂದು ಕೊಡಿ."

"ಜೋಡಿಗೆ ಹೊಂದಲ್ಲಮ್ಮ, ಮನೆ ಅಂದಗೆಡುತ್ತೆ."

"ಪರವಾಗಿಲ್ಲ. ನೋಡೋರು ನಾವಲ್ಲ," ಅಂದಳು. ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ಮನೆಗೆ ಬಂದು ನಾಲ್ಕು ಸಾಸರಿನಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲಿದಳು. ಬಲ್ಬಿನ ಕೆಳಗೆ ಒಂದು, ನೀಲಿಬಿಳುಪಿನ ಕೆಳಗೆ ಒಂದು, ಹಳದಿಬಿಳುಪಿನ ಕೆಳಗೆ ಒಂದು, ಎರಡೂ ಟ್ಯೂಬಿನ ಬೆಳಕು ಬೀಳುವ ಕಡೆ ಒಂದು. ನನಗೆ ತಡೆಯಲಾಗದೆ ಎರಡು ದಿನಕ್ಕೊಮ್ಮೆ ಏನಾದರೊಂದು ನೆಪ ಹೂಡಿ ಹೋಗುತ್ತಿದ್ದೆ. ಬಲ್ಬಿನ ಕೆಳಗಿನದು ತುದಿ ಸುಟ್ಟುಕೊಂಡು ಒಣಗಿತು. ನೀಲಿಯ ಕೆಳಗಿನದು ಗಿಡ್ಡಕ್ಕೆ, ಗಟ್ಟಿಯಾಗಿ, ಹಸುರಾಗಿ ಬಂತು. ಹಳದಿಯದು ಉದ್ದಕ್ಕೆ ಬೆಳೆದು ಜೋಲಿತು. ಎರಡೂ ಬಿದ್ದ ಸಾಸರು ಮಾತ್ರ ನಮ್ಮ ಹಿತ್ತಲಿನ ಬಿಸಿಲಿನಲ್ಲೂ ನಾನು ಕಾಣದಷ್ಟು ಚೆನ್ನಾಗಿ ಬಂತು. ಟ್ಯೂಬನ್ನು ಸರಪಳಿಯಲ್ಲಿ ಇಳಿಬಿಟ್ಟು ಗಿಡದ ತಲೆಯಿಂದ ಒಂದು ಗೇಣು ಮೇಲಿಡುತ್ತಿದ್ದಳು. ಗಿಡ ಎತ್ತರವಾದಂತೆ ಸರಪಳಿ ಒಂದೊಂದೇ ಕೊಂಡಿ ಮೇಲೆ. ಬೆಳಿಗ್ಗೆ ಕಾಫಿಗೆ ನೀರಿಡುವಾಗ ಸ್ವಿಚ್ಚು ಹಾಕಿದರೆ ರಾತ್ರಿ ಊಟದ ತಟ್ಟೆ ತೊಳೆದ ಮೇಲೆ ಆರಿಸುವಳು. "ಅವಕ್ಕೂ ನಿದ್ದೆ ಬೇಕಲ್ಲ ಅಕ್ಕ" ಅನ್ನುವಳು.

ವರ್ಷ ತುಂಬುವುದರೊಳಗೆ ಆ ಕತ್ತಲ ಕೋಣೆ ನೋಡಲು ಜನ ಬರತೊಡಗಿದರು. ತವರಿನ ಬಾವಿಕಟ್ಟೆಯಿಂದ ತಂದ ಜರಿಗಿಡ, ಮನಿಪ್ಲಾಂಟು, ಬೆಗೋನಿಯಾ. ಡಾಕ್ಟರ ಹೆಂಡತಿ ಬಂದು ಹೋದಳು, ಬ್ಯಾಂಕಿನ ಮ್ಯಾನೇಜರ ತಾಯಿ ಬಂದು ಹೋದರು. ನನ್ನ ಹಿತ್ತಲಿನಲ್ಲಿ ಕನಕಾಂಬರ, ದಾಸವಾಳ, ನಿಂಬೆ, ನುಗ್ಗೆ ಎಲ್ಲ ಇದ್ದವು. ನೋಡಲು ಒಬ್ಬರೂ ಬರಲಿಲ್ಲ. ಬಿಸಿಲಿನಲ್ಲಿ ಗಿಡ ಬೆಳೆದರೆ ಯಾರಿಗೆ ಏನು ಆಶ್ಚರ್ಯ? ಸೈಟು ಕೊಳ್ಳುವಾಗ ನಮ್ಮವರು ಪೂರ್ವ ದಿಕ್ಕು ನೋಡಿ ಕೊಂಡಿದ್ದರು ಅಂತ ಅವರ ಮೇಲೇ ಹರಿಹಾಯ್ದೆ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ವಿಷಯ ಗೊಂಬೆಗೆ ಬಂತು.

ನಮ್ಮತ್ತೆ ಅಲಮೇಲಮ್ಮನವರಿಗೆ ಹೆಣ್ಣುಮಕ್ಕಳಿಲ್ಲ. ಅವರ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ, ರಕ್ತಚಂದನದ ರಾಜ ರಾಣಿ, ಜೊತೆಗೆ ಒಂಬತ್ತು ಮೆಟ್ಟಿಲು ತುಂಬುವಷ್ಟು ಬೇರೆ ಗೊಂಬೆಗಳು, ಎರಡು ಮರದ ಪೆಟ್ಟಿಗೆಯಲ್ಲಿದ್ದವು. ನವರಾತ್ರಿಗೆ ಅವನ್ನು ಕೂರಿಸಿದ ಮನೆಯೇ ಮನೆತನದ ಮನೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಮೊದಲಿಂದಲೂ ನಮ್ಮ ಮನೆಯಲ್ಲೇ ಕೂರಿಸುತ್ತಿದ್ದರು. ಮೆಟ್ಟಿಲಿನ ಮುಂದೆ ತಟ್ಟೆಗಳಲ್ಲಿ ರಾಗಿ ಪೈರು ಬೆಳೆಸಿ, ನಡುವೆ ಕನ್ನಡಿಯ ಕೊಳ ಇಟ್ಟು ಪಾರ್ಕ್ ಮಾಡುವುದು ನಮ್ಮ ಕಡೆಯ ಪದ್ಧತಿ. ನಾನು ಹಿತ್ತಲಿನಲ್ಲಿ ಬೆಳೆಸುತ್ತಿದ್ದೆ. ಅರ್ಧ ಗುಬ್ಬಚ್ಚಿಗಳ ಪಾಲು. ಉಳಿದದ್ದನ್ನು ಒಳಗೆ ತಂದಿಟ್ಟರೆ ಮೂರೇ ದಿನಕ್ಕೆ ಮುಖ ಬಾಡಿಸಿಕೊಂಡು ಕೂರುತ್ತಿತ್ತು. ಒಮ್ಮೆ ಗೊಂಬೆ ಕೂರಿಸಿದರೆ ವಿಜಯದಶಮಿಯ ತನಕ ಆ ಜಾಗದಲ್ಲಿ ಯಾವುದನ್ನೂ ಕದಲಿಸುವ ಹಾಗಿಲ್ಲ. ತಟ್ಟೆಯನ್ನು ಮತ್ತೆ ಬಿಸಿಲಿಗೆ ಒಯ್ಯುವ ಮಾತೇ ಇಲ್ಲ.

೧೯೭೮ರಲ್ಲಿ ನವರಾತ್ರಿಯ ಹೊತ್ತಿಗೇ ಗುಬ್ಬಿಯಲ್ಲಿ ದೊಡ್ಡಪ್ಪ ತೀರಿಕೊಂಡರು ಅಂತ ನಾನು ತವರಿಗೆ ಹೋದೆ. ಅತ್ತೆ ಪೆಟ್ಟಿಗೆಗಳನ್ನು ಬಟವಾಡಿಗೆ ಸಾಗಿಸಿದರು. ಆ ಟ್ಯೂಬಿನ ಕೋಣೆಯಲ್ಲಿ ಒಂಬತ್ತು ದಿನವೂ ಪಾರ್ಕ್ ಹೊಸದಾಗಿ ಮೊಳೆತಂತೆ ಹಸುರಾಗಿ ನಿಂತಿತ್ತಂತೆ. ಅತ್ತೆ ಕಂಡಕಂಡವರಿಗೆಲ್ಲ ಹೇಳಿದರು. ಮರುವರ್ಷವೂ ಪೆಟ್ಟಿಗೆ ಅಲ್ಲೇ ಉಳಿಯಿತು, ಅದರ ಮರುವರ್ಷವೂ. ನಾನು ಹಿರಿಯ ಸೊಸೆ, ತಟ್ಟೆಯಲ್ಲಿ ತಾಂಬೂಲ ಹಿಡಿದು ಕಿರಿಯವಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗುವಂತಾಯಿತು. ಆ ಮೂರು ವರ್ಷ ಅವಳ ಮನೆಯ ಕೋಸಂಬರಿಯನ್ನು ನಾನು ಹೇಗೆ ನುಂಗಿದೆ ನನಗೇ ಗೊತ್ತು.

೧೯೮೧ರಲ್ಲಿ ತಡೆಯಲಾರದೆ ಅತ್ತೆಯ ಮುಂದೆ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅತ್ತೆ ಹೇಳಿದರು:

"ಆಯ್ತು, ಈ ವರ್ಷ ಶೆಟ್ಟಿಹಳ್ಳೀಲೇ ಕೂರಿಸೋಣ. ನನಗೂ ವಯಸ್ಸಾಯ್ತು, ಪ್ರತಿ ವರ್ಷ ಪೆಟ್ಟಿಗೆ ಓಡಾಡಿಸೋಕಾಗಲ್ಲ. ಈ ಸಲ ಹಬ್ಬ ಆದಮೇಲೆ ಗೊಂಬೆ ಯಾರ ಮನೇಲಿ ಇರಬೇಕೂಂತ ಹೇಳಿಬಿಡ್ತೀನಿ. ಆಮೇಲೆ ಬದಲಾಯಿಸೋದಿಲ್ಲ."

ಕಮಲಾಕ್ಷಿ ಪಕ್ಕದಲ್ಲೇ ಇದ್ದಳು. "ಅಕ್ಕ, ನಮ್ಮನೆ ಟ್ಯೂಬು ಎರಡೂ ಬಿಚ್ಚಿ ತಂದು ಹಾಕ್ಕೊಡ್ತೀನಿ" ಅಂದಳು.

"ನಮ್ಮನೇಲೇನು ದೀಪಕ್ಕೆ ಬರಗಾಲವೇ?" ಅಂದೆ.

ಅವಳನ್ನು ಕೇಳಬಾರದು, ಅವಳಿಗಿಂತ ಒಂದು ಕೈ ಮೇಲಾಗಬೇಕು, ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಗುಬ್ಬಿಯಲ್ಲಿ ನಮ್ಮ ತವರಿನ ಬೀದಿಯಲ್ಲೇ ಬೆಟ್ಟಯ್ಯ ಅಂತ ಇದ್ದ. ಹಳ್ಳಿಯವರು ಆಡುವ ನಾಟಕಗಳಿಗೆ ಸೀನರಿ, ಕಿರೀಟ, ಲೈಟು ಬಾಡಿಗೆಗೆ ಕೊಡುವವನು. ಬೆಳಕಿನ ವಿಷಯ ಅವನಿಗಿಂತ ತಿಳಿದವರು ಯಾರು ಎಂದು ಬಸ್ಸು ಹತ್ತಿ ಹೋದೆ.

"ಗಿಡ ಹಸುರಾಗಿ ಕಾಣ್ಬೇಕು ಬೆಟ್ಟಯ್ಯ, ಯಾವ ಲೈಟು ಹಾಕ್ಲಿ?"

"ಅದಕ್ಯಾಕೆ ಯೋಚ್ನೆ ಬುಡಿ ಅಮ್ಮಾವ್ರೆ. ಕಾಡಿನ ಸೀನ್‌ಗೆ ನಾವು ಹಾಕೋದು ಇದ್ನೇಯ. ಒಣಗಿದ ಮಾವಿನ್ ಕೊಂಬೆ ತಂದ್ ನಿಲ್ಸಿದ್ರೂ ದಂಡಕಾರಣ್ಯ ಆಯ್ತದೆ" ಅಂದು ಹಸುರು ಬಣ್ಣದ ಟ್ಯೂಬ್‌ಲೈಟೊಂದನ್ನು ಹಳೆ ಪಂಚೆಯಲ್ಲಿ ಸುತ್ತಿ ಕೊಟ್ಟ.

ಹಸುರು ಗಿಡಕ್ಕೆ ಹಸುರು ಬೆಳಕು. ಇಷ್ಟು ಸರಳವಾದದ್ದು ಆ ಎಸ್ಸೆಸ್ಸೆಲ್ಸಿಗೆ ಹೊಳೆಯಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಟ್ಯೂಬನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಒಳಗೊಳಗೇ ನಗು.

ಹಬ್ಬಕ್ಕೆ ಎಂಟು ದಿನ ಮುಂಚೆ ಗೊಂಬೆ ಕೂರಿಸುವ ಕೋಣೆಯಲ್ಲೇ ಆ ಟ್ಯೂಬ್ ಹಾಕಿಸಿ, ತಟ್ಟೆಗಳಲ್ಲಿ ರಾಗಿ ಚೆಲ್ಲಿದೆ. ಒಂದು ಕಿಟಕಿಗೆ ಗೊಂಬೆಯ ಮೆಟ್ಟಿಲು ಅಡ್ಡವಾಗಿತ್ತು. ಇನ್ನೊಂದಕ್ಕೆ ನಾನೇ ಅಗುಳಿ ಹಾಕಿ ಕಂಬಳಿ ಇಳಿಬಿಟ್ಟೆ, ಯಾರೂ ಮುಂಚಿತವಾಗಿ ನೋಡಬಾರದೆಂದು. ಸ್ವಿಚ್ಚು ಹಾಕಿದರೆ ಕೋಣೆಯೆಲ್ಲ ಹಸುರು. ಗೋಡೆ ಹಸುರು, ನನ್ನ ಕೈ ಹಸುರು, ಪೈರು ಅಚ್ಚ ಹಸುರು. ಸ್ವಲ್ಪ ಸಣ್ಣಗೆ ಉದ್ದುದ್ದ ಬರುತ್ತಿದೆ ಅನ್ನಿಸಿತ್ತು. ಆದರೆ ಉದ್ದ ಬಂದರೆ ಒಳ್ಳೆಯದೇ ಅಲ್ಲವೇ? ಎರಡು ಸಲ ಸಂಜೆ ಕರೆಂಟು ಹೋಯಿತು, ಆಗ ಕೋಣೆ ಗವ್ವೆನ್ನುವ ಕತ್ತಲು, ಕಾಣುವುದಾದರೂ ಏನು? ಪಾಡ್ಯದ ದಿನ ಗೊಂಬೆ ಕೂರಿಸಿ, ಕಲಶ ಇಟ್ಟು, ಆರತಿ ಎತ್ತಿದೆ. ಅತ್ತೆ ನೋಡಿ "ಚೆನ್ನಾಗಿದೆ ಕಣೇ" ಅಂದರು. ಎಷ್ಟು ವರ್ಷದ ಮೇಲೆ ಕೇಳಿದ ಮಾತದು! ಆ ದಿನ ಹೋಳಿಗೆಗೆ ಬೆಲ್ಲ ಹೆಚ್ಚಾದದ್ದೂ ನನಗೆ ತಿಳಿಯಲಿಲ್ಲ.

ಸರಸ್ವತಿ ಪೂಜೆಯ ದಿನ ಸಂಜೆ ನಾಲ್ಕಕ್ಕೆ ಅರಿಶಿನ ಕುಂಕುಮ. ಬೀದಿಯ ಹೆಂಗಸರೆಲ್ಲ ಬಂದರು. ಪಕ್ಕದ ಹಟ್ಟಿಯಿಂದ ನಮಗೆ ಹಾಲು ಹಾಕುವ ಪುಟ್ಟಗಂಗಮ್ಮ ಬಂದಳು. ಕಮಲಾಕ್ಷಿಯೂ ಬಂದು ಎಲ್ಲರ ಹಿಂದೆ ಕೂತಳು. ಹಸುರು ಬೆಳಕಿನಲ್ಲಿ ರಾಜ ರಾಣಿಯ ಮುಖವೂ ಹಸುರಾಗಿ ಕಾಣುತ್ತಿದ್ದರೂ ಎಲ್ಲರೂ ಪಾರ್ಕ್ ನೋಡಿ "ಅಬ್ಬಬ್ಬಾ" ಅಂದರು. ನಾನು ಓರೆಗಣ್ಣಿನಿಂದ ಕಮಲಾಕ್ಷಿಯನ್ನೇ ನೋಡುತ್ತಿದ್ದೆ. ಅವಳು ಒಮ್ಮೆ ಟ್ಯೂಬ್ ನೋಡಿದಳು, ಒಮ್ಮೆ ಪೈರು ನೋಡಿದಳು, ಆಮೇಲೆ ನೆಲ ನೋಡಿದಳು. ಸೋತಳು ಎಂದುಕೊಂಡೆ. ಎಂಥ ಸಂತೋಷ!

ಆಗ ಕರೆಂಟು ಹೋಯಿತು.

"ಉಸ್ಸಪ್ಪಾ, ಕಿಟ್ಕಿನಾದ್ರೂ ತೆಗೀರವ್ವ" ಎಂದು ಪುಟ್ಟಗಂಗಮ್ಮ ಎದ್ದವಳೇ, ನಾನು ಬೇಡ ಅನ್ನುವುದರೊಳಗೆ ಕಂಬಳಿ ಎಳೆದು ಕಿಟಕಿ ತೆರೆದಳು. ನಮ್ಮ ಶೆಟ್ಟಿಹಳ್ಳಿಯ ಬಿಸಿಲು ಧಾರಾಳವಾಗಿ ಒಳಗೆ ಬಂತು. ಪಾರ್ಕ್ ಅರಿಶಿನದ ಬಣ್ಣಕ್ಕಿತ್ತು. ಬಿಳಿಚಿಕೊಂಡ ದಾರದಂಥ ಪೈರು, ಅರ್ಧಕ್ಕರ್ಧ ತಟ್ಟೆಯಲ್ಲೇ ಮಗ್ಗುಲಾಗಿ ಬಿದ್ದಿತ್ತು. ಒಂದು ಎಸಳೂ ಹಸುರಿಲ್ಲ.

"ಅಯ್ಯೋ ನಮ್ಮವ್ವ, ರಾಗಿಗೆ ಕಾಮಾಲೆ ಬಂದೈತಲ್ಲಾ!" ಅಂದಳು ಪುಟ್ಟಗಂಗಮ್ಮ.

ಯಾರೋ ಕಿಸಕ್ಕೆಂದರು. ಎಲ್ಲರ ಮುಖದಲ್ಲೂ ತಡೆದುಕೊಂಡ ನಗು, ಅತ್ತೆಯ ಕಣ್ಣು ತಟ್ಟೆಗಳ ಮೇಲೆ. ತಟ್ಟೆಗಳನ್ನು ಎತ್ತಿ ಬಚ್ಚಿಡೋಣವೆಂದರೆ ಕದಲಿಸುವ ಹಾಗಿಲ್ಲ. ಕುಂಕುಮದ ಬಟ್ಟಲು ಹಿಡಿದು ಕಂಬದಂತೆ ನಿಂತೆ.

ಹಿಂದಿನಿಂದ ಕಮಲಾಕ್ಷಿಯ ಧ್ವನಿ ಬಂತು. ನಾಲ್ಕು ಜನರ ಮುಂದೆ ಬಾಯಿಬಿಡದವಳು ಆವತ್ತು ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ಕಾಮಾಲೆ ಅಲ್ಲ ಪುಟ್ಟಗಂಗಮ್ಮ, ಅದು ಸುಗ್ಗಿ ಗದ್ದೆ. ಅಕ್ಕ ಬೇಕೂಂತ್ಲೇ ಹಾಗೆ ಬೆಳೆಸಿದಾರೆ. ದೀಪ ಹಾಕಿದ್ರೆ ಹಸುರು ಗದ್ದೆ, ಆರಿಸಿದ್ರೆ ಕೊಯ್ಲಿಗೆ ಬಂದ ಗದ್ದೆ. ಎರಡೂ ಒಂದೇ ತಟ್ಟೇಲಿ. ಎಲ್ರೂ ಬಂದಮೇಲೆ ಸ್ವಿಚ್ ಆರಿಸಿ ತೋರಿಸ್ತೀನಿ ಅಂತಿದ್ರು, ಕರೆಂಟೇ ಅವಸರ ಮಾಡ್ಬಿಡ್ತು."

ಅಂದವಳೇ ಮುಂದೆ ಬಂದು ಕೂತು, ತಟ್ಟೆಗಳನ್ನು ಕದಲಿಸದೆ, ಬಿದ್ದ ಪೈರನ್ನಷ್ಟೇ ಎರಡು ಬೆರಳಲ್ಲಿ ತೆಗೆದು, ಹೂ ಕಟ್ಟುವ ಬಾಳೆನಾರಿನ ಎಳೆಯಿಂದ ಪುಟ್ಟ ಪುಟ್ಟ ಕಟ್ಟು ಕಟ್ಟಿ ಗದ್ದೆಯ ಅಂಚಿಗೆ ಸಾಲಾಗಿ ಮಲಗಿಸಿದಳು. ಕೊಯ್ದ ಪೈರಿನ ಕಟ್ಟುಗಳು! ಅಷ್ಟರಲ್ಲಿ ಕರೆಂಟು ಬಂತು. ಕಿಟಕಿ ಮುಚ್ಚಿಸಿದಳು, ಗದ್ದೆ ಹಸುರಾಯಿತು. ಸ್ವಿಚ್ಚು ಆರಿಸಿ ಕಿಟಕಿ ತೆಗೆಸಿದಳು, ಸುಗ್ಗಿ ಬಂತು. ಹೆಂಗಸರು ಮಕ್ಕಳ ಹಾಗೆ ಇನ್ನೊಂದು ಸಲ, ಇನ್ನೊಂದು ಸಲ ಅಂದರು. ಪುಟ್ಟಗಂಗಮ್ಮನಂತೂ ನನ್ನ ಗಲ್ಲ ಹಿಡಿದು ದೃಷ್ಟಿ ತೆಗೆದಳು.

ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ನಾನು ಅವಳಿಗೆ ಕೈ ಮುಗಿಯಬೇಕಾಗಿತ್ತು. "ನಾನೇನು ನಿನ್ನ ಕೇಳಿದ್ನಾ?" ಅಂದೆ.

"ಇಲ್ಲ ಅಕ್ಕ" ಅಂದು ದೊನ್ನೆಗಳಿಗೆ ಉಸಲಿ ತುಂಬಿದಳು. ಅವಳು ಒಂದು ಮಾತು ಎದುರಾಡಿದ್ದರೂ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವಿಜಯದಶಮಿಯ ದಿನ ಊಟವಾದ ಮೇಲೆ ಅತ್ತೆ ಎಲ್ಲರನ್ನೂ ಕೂರಿಸಿಕೊಂಡು, "ಗೊಂಬೆ ಇನ್ನು ಅಂಬುಜನ ಮನೇಲೇ ಇರಲಿ" ಅಂದರು. ಪೆಟ್ಟಿಗೆಯ ಬೀಗದ ಕೈ ನನ್ನ ಸೆರಗಿಗೆ ಕಟ್ಟಿದರು. ಕಮಲಾಕ್ಷಿ ಎಲ್ಲರಿಗಿಂತ ಮೊದಲು ಎದ್ದು ನನಗೆ ಕುಂಕುಮ ಇಟ್ಟಳು.

ಬೇಕಾದದ್ದು ಸಿಕ್ಕಿತು. ಇನ್ನಾದರೂ ಹೊಟ್ಟೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಅಂದಿನಿಂದ ಪ್ರತಿ ವರ್ಷ ನಾನು ಆ ಕಾಮಾಲೆ ಗದ್ದೆಯನ್ನೇ ಬೆಳೆಸಬೇಕು. ಮೂರು ಬೀದಿ ಆಚೆಯಿಂದ ಜನ ಬಂದು "ಎರಡು ಕಾಲದ ಗದ್ದೆ ತೋರಿಸಿ" ಅನ್ನುತ್ತಾರೆ. ಎಷ್ಟು ಬುದ್ಧಿವಂತೆ ನೀವು ಅನ್ನುತ್ತಾರೆ. ನಾನು ನಗುತ್ತಾ ಸ್ವಿಚ್ಚು ಹಾಕುತ್ತೇನೆ, ಆರಿಸುತ್ತೇನೆ. ಕಮಲಾಕ್ಷಿ ಬಟವಾಡಿಯಿಂದ ಸಿಟಿ ಬಸ್ಸಿನಲ್ಲಿ ಬರುತ್ತಾಳೆ, ಒಂಬತ್ತು ದಿನವೂ ಕೈಗೆ ಕೈ ಸೇರಿಸುತ್ತಾಳೆ, ಹೊಸಬರು ಬಂದರೆ ಮೊದಲು "ಅಕ್ಕನ ಐಡಿಯಾ" ಅನ್ನುತ್ತಾಳೆ. ಅವಳ ಕೋಣೆಯಲ್ಲಿ ಈಗಲೂ ಎರಡು ಟ್ಯೂಬು, ಒಂದು ನೀಲಿ, ಒಂದು ಅರಿಶಿನ. ಕಾಲೇಜಿನ ಹುಡುಗಿಯರು ಕೂಡ ಬಂದು ಬರೆದುಕೊಂಡು ಹೋಗುತ್ತಾರೆ. ಯಾವ ದೀಪ, ಎಷ್ಟು ಎತ್ತರ, ಎಷ್ಟು ಹೊತ್ತು ಎಂದು ಯಾರು ಕೇಳಿದರೂ ಹೇಳುತ್ತಾಳೆ. ನಾನು ಮಾತ್ರ ಇವತ್ತಿನ ತನಕ ಕೇಳಿಲ್ಲ.

ಈ ವರ್ಷ, ೧೯೮೮ರಲ್ಲಿ, ಹಬ್ಬ ಮುಗಿದ ಮಾರನೆಯ ದಿನ ಗೊಂಬೆಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತುತ್ತಾ ಕೂತಿದ್ದೆವು, ನಾನು ಮತ್ತು ಅತ್ತೆ. ಅವರಿಗೆ ಎಂಬತ್ತರ ಹತ್ತಿರ. ಏಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಯಾಕೋ ಆವತ್ತು ಬಾಯಿಗೆ ಬಂದುಬಿಟ್ಟಿತು.

"ಅತ್ತೆ, ಆ ಸುಗ್ಗಿ ಗದ್ದೆ ಸುಳ್ಳು. ಯಾವ ದೀಪ ಹಾಕ್ಬೇಕೂಂತ ನನಗೆ ತಿಳೀಲಿಲ್ಲ. ಬೆಳೆ ಕೆಟ್ಟಿತ್ತು. ಕಮಲಾಕ್ಷಿ ಮುಚ್ಚಿ ಹಾಕಿದ್ಲು. ಈ ಗೊಂಬೆ ಅವಳಿಗೆ ಸೇರಬೇಕಾದದ್ದು."

ಅತ್ತೆ ರಾಜನ ಕಾಲಿಗೆ ಬಟ್ಟೆ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೇ. ಹೊಲದ ಪಕ್ಕ ಹುಟ್ಟಿ ಬೆಳೆದವಳು ನಾನು. ಕಳಿತ ರಾಗಿ ಯಾವುದು, ಬಿಸಿಲು ಕಾಣದ ರಾಗಿ ಯಾವುದು ನನಗೆ ಗೊತ್ತಾಗಲ್ವೇ?"

"ಮತ್ತೆ ಯಾಕೆ ನನಗೆ ಕೊಟ್ರಿ?"

"ಅವಳ ಮನೇಲಿ ಇದ್ದಿದ್ರೆ ನೀನು ಆ ಹೊಸಿಲು ತುಳೀತಿರ್ಲಿಲ್ಲ. ಆ ಮೂರು ವರ್ಷ ನಿನ್ನ ಮುಖ ನಾನು ನೋಡಿಲ್ವೇ? ನಿನ್ನ ಮನೇಲಿ ಇದ್ರೆ ಅವಳು ವರ್ಷಾ ವರ್ಷಾ ಬರ್ತಾಳೆ. ಅಣ್ಣ ತಮ್ಮ ಒಂದೇ ಪಂಕ್ತೀಲಿ ಕೂತು ಉಣ್ತಾರೆ."

ಅತ್ತೆ ಇಷ್ಟು ದೂರ ಯೋಚಿಸಿದ್ದರೆಂದು ನನಗೆ ಕಣ್ಣು ತುಂಬಿ ಬಂತು. "ನಿಮ್ಮಂಥ ಅತ್ತೆ ಯಾರಿಗಿದ್ದಾರೆ" ಅಂದೆ.

"ನನ್ನ ತಲೆಗೆ ಎಲ್ಲಿಂದ ಹೊಳೀಬೇಕು," ಅಂದರು ಅತ್ತೆ, "ಆವತ್ತು ಅರಿಶಿನ ಕುಂಕುಮ ಮುಗಿಸಿ ಬಸ್‌ಸ್ಟಾಪಿಗೆ ಹೋಗ್ವಾಗ ಕಮಲಾಕ್ಷಿ ಹೇಳಿದ್ದು."

ನಾನು ರಾಣಿಯನ್ನು ಸುತ್ತಿ ಪೆಟ್ಟಿಗೆಯೊಳಗೆ ಮಲಗಿಸಿ ಬೀಗ ಹಾಕಿದೆ. ಆ ಮಾತೂ ನನಗಿಂತ ಮೊದಲು ಅವಳಿಗೇ ಹೊಳೆಯಿತಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು.